ದುಭಾಷಿಗಳನ್ನು ಹುಡುಕುತ್ತ

ಮೂವತ್ತಕ್ಕೂ ಹೆಚ್ಚು ವರ್ಷ ಪಂಪನನ್ನೂ ಕೇಶಿರಾಜನನ್ನೂ ಪಾಠ ಹೇಳಿ ನಿವೃತ್ತನಾದವನೊಬ್ಬ ಲ್ಯಾಪ್‌ಟಾಪಿನ ಒಳಗುಟ್ಟನ್ನು ಕುರಿತು ಮಾತನಾಡಹೊರಟರೆ ಕೇಳುವವರು ಹುಬ್ಬೇರಿಸುವುದು ಸಹಜ. ಇದು ನಾನಾಗಿ ಆರಿಸಿಕೊಂಡ ವಿಷಯವಲ್ಲ. ಒಂದು ಸಿಡಿಲಿನ ದೆಸೆಯಿಂದ ಅದೇ ನನ್ನ ಕೊರಳಿಗೆ ಬಿತ್ತು. ಬಿದ್ದ ಮೇಲೆ ತಿಳಿದುಕೊಂಡದ್ದರಲ್ಲಿ ಕೆಲವು ಸಂಗತಿಗಳು, ಹಳೆಯ ಕಡತಗಳನ್ನು ಗಣಕದಲ್ಲಿಟ್ಟು ನಿಶ್ಚಿಂತರಾಗಿರುವ ನನ್ನಂಥ ಇತರರಿಗೂ ಉಪಯೋಗವಾದಾವು ಎಂಬ ನಂಬಿಕೆಯಿಂದ ಇಲ್ಲಿ ನಿವೇದಿಸುತ್ತಿದ್ದೇನೆ.

ನಾನೂ ನನ್ನ ಹಿರಿಯ ಸಹೋದ್ಯೋಗಿಯೊಬ್ಬರೂ 1993ರಿಂದ ಸುಮಾರು ಹನ್ನೊಂದು ವರ್ಷ, ರಜೆ ಬಂದಾಗಲೆಲ್ಲ ಮಲೆನಾಡಿನ ಹಳ್ಳಿಗಳಲ್ಲಿ ಅಲೆದು ಬೇಸಾಯದ ಮಾತುಗಳನ್ನು ಸಂಗ್ರಹಿಸಿದೆವು. ಕೂರಿಗೆ, ಕುಂಟೆ, ಮೇಟಿ, ಗೊರಬು ಮುಂತಾದ ಪದಗಳು, ಅವುಗಳ ಊರೂರಿನ ರೂಪಗಳು, ಹೇಳಿದವರ ಹೆಸರು, ಅವರು ಕೊಟ್ಟ ಪ್ರಯೋಗ, ಹೀಗೆ ಚೀಟಿಗಳ ರಾಶಿಯೇ ಬೆಳೆಯಿತು. ಅರ್ಥ ಬರೆಯುವ ಹೊಣೆ ಗೆಳೆಯರದು. ಅವರದು ಮುತ್ತಿನಂಥ ಕೈಬರಹ. ಆದರೆ ಗೆದ್ದಲಿಗೆ ಬರಹದ ಚೆಂದ ತಿಳಿಯದು. ಗೆದ್ದಲು ಹತ್ತುವುದಕ್ಕೆ ಮುಂಚೆಯೇ ನಾವು ಎಲ್ಲ ಚೀಟಿಗಳನ್ನೂ ಪದಕೋಶ ರಚನೆಗೆಂದು ಕೊಂಡ ಒಂದು ತಂತ್ರಾಂಶಕ್ಕೆ ಏರಿಸಿದ್ದುದರಿಂದ ಅಷ್ಟಾಗಿ ಮರುಗಲಿಲ್ಲ. ಎರಡು ವರ್ಷಗಳ ಹಿಂದೆ ಗೆಳೆಯರು ತೀರಿಕೊಂಡರು. ಅದೇ ವರ್ಷದ ಮುಂಗಾರಿನ ಮೊದಲ ಮಳೆಯಲ್ಲಿ ನಮ್ಮ ಮನೆಯ ಬಳಿ ಸಿಡಿಲು ಬಡಿದು, ನನ್ನ ಹಳೆಯ ಮೇಜುಗಣಕದ ಮದರ್‌ಬೋರ್ಡ್ ಸುಟ್ಟುಹೋಯಿತು.

ಡಿಸ್ಕ್ ಉಳಿದಿತ್ತು, ಕಡತಗಳೂ ಉಳಿದಿದ್ದವು. ತೆರೆಯುವುದು ಮಾತ್ರ ಸಾಧ್ಯವಾಗಲಿಲ್ಲ. ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿದ ಹಳೆಯ ಲೇಖನಗಳನ್ನು ಇಂದು ಯೂನಿಕೋಡಿಗೆ ಪರಿವರ್ತಿಸುವ ಉಪಾಯಗಳಿವೆ. ನಮ್ಮ ಪದಕೋಶವಾದರೋ ತನ್ನದೇ ಗುಪ್ತ ರೂಪದಲ್ಲಿ ಮಾಹಿತಿಯನ್ನು ಕಟ್ಟಿಡುವಂಥದು. ಅಲ್ಲದೆ ಅದಕ್ಕೊಂದು ಡಾಂಗಲ್. ಡಿ.ಟಿ.ಪಿ. ಅಂಗಡಿಗಳಲ್ಲಿ ಕೆಲಸ ಮಾಡಿದವರಿಗೆ ಈ ವಸ್ತು ಗೊತ್ತು: ಹೆಬ್ಬೆರಳಿನಷ್ಟು ದೊಡ್ಡ ಬೀಗ, ಅದನ್ನು ಗಣಕದ ಬೆನ್ನಿಗೆ ಸಿಕ್ಕಿಸಿದ ಹೊರತು ತಂತ್ರಾಂಶ ಬಾಯಿ ಬಿಡದು. ಅದನ್ನು ತಯಾರಿಸಿದ ಸಂಸ್ಥೆ ಮುಚ್ಚಿ ವರ್ಷಗಳಾಗಿವೆ. ಅದು ಕೊಟ್ಟ ಕೊನೆಯ ಡ್ರೈವರ್ ವಿಂಡೋಸ್ 7ಕ್ಕೆ, ಅದರಲ್ಲಿಯೂ 32 ಬಿಟ್‌ನ ವಿಂಡೋಸ್ 7ಕ್ಕೆ ಮಾತ್ರ.

ಗೆಳೆಯರ ಮನೆಯಾಕೆ ವರ್ಷಾಂತಿಕಕ್ಕೆ ಮುಂಚೆ ಒಂದು ದಿನ ಫೋನ್ ಮಾಡಿದರು. “ಮೇಷ್ಟ್ರೇ, ಇವರು ಬರೆದ ಅರ್ಥಗಳೆಲ್ಲ ನಿಮ್ಮ ಹತ್ತಿರವೇ ಇದಾವಲ್ಲ? ಒಂದು ಪುಸ್ತಕ ಅಂತ ಆದರೆ ನೋಡಬಹುದಿತ್ತು” ಎಂದರು. ಇವೆ ಅಕ್ಕಾ, ಎಂದೆ. ಹಾಗೆ ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ತಂಗಿಯ ಮಗನನ್ನು ಕರೆಸಿದೆ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ಹುಡುಗ. ನೋಡಿ, ತಲೆ ತುರಿಸಿಕೊಂಡು, “ಮಾವ, ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ವಿಂಡೋಸ್ 7 ಹಾಕಿಬಿಡೋಣ” ಎಂದ. ಹಾಕಿಬಿಡೋಣ ಎಂಬ ಆ ಒಂದು ಕ್ರಿಯಾಪದದೊಳಗೆ ಹದಿನೇಳು ದಿನಗಳ ಕಷ್ಟ ಅಡಗಿದ್ದುದು ಅವನಿಗೂ ತಿಳಿದಿರಲಿಲ್ಲ.

ಇಲ್ಲಿ ಡ್ರೈವರ್ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕು. ನಮ್ಮವರು ಇದನ್ನು ‘ಚಾಲಕ’ ಎಂದು ಕನ್ನಡಿಸಿದ್ದಾರೆ. ಆ ಮಾತು ಕೇಳಿದೊಡನೆ ಬಸ್ಸಿನ ಮುಂದೆ ಕುಳಿತವನು ಕಣ್ಣಿಗೆ ಬರುತ್ತಾನೆಯೇ ಹೊರತು ಅರ್ಥ ಬರುವುದಿಲ್ಲ. ನಾನು ‘ದುಭಾಷಿ’ ಎಂದೇನು. ಲ್ಯಾಪ್‌ಟಾಪಿನೊಳಗೆ ಪರದೆಯನ್ನು ನೋಡಿಕೊಳ್ಳುವ ಚಿಪ್ ಒಂದು, ಧ್ವನಿಗೆ ಒಂದು, ವೈಫೈಗೆ ಒಂದು, ಹೀಗೆ ಹತ್ತಾರು ಸಾಧನಗಳಿವೆ. ಒಂದೊಂದನ್ನೂ ಒಂದೊಂದು ಕಂಪನಿ ತಯಾರಿಸಿದೆ. ಒಂದೊಂದಕ್ಕೂ ತನ್ನದೇ ಆದ ಆಡುಮಾತು. ಇವೆಲ್ಲದರ ಮೇಲೆ ಅಧಿಕಾರ ನಡೆಸುವುದು ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ಅದು ಸಾಮಾನ್ಯ ಭಾಷೆಯಲ್ಲಿ ‘ಈ ಅಕ್ಷರವನ್ನು ಪರದೆಯ ಮೇಲೆ ಮೂಡಿಸು’ ಎಂದು ಅಪ್ಪಣೆ ಕೊಡುತ್ತದೆ. ಆ ಅಪ್ಪಣೆಯನ್ನು ಆಯಾ ಚಿಪ್ಪಿನ ಆಡುಮಾತಿಗೆ ತಿರುಗಿಸಿ ಹೇಳುವ, ಅದರ ಉತ್ತರವನ್ನು ಮತ್ತೆ ಮೇಲಕ್ಕೆ ಒಪ್ಪಿಸುವ ಸಣ್ಣ ತಂತ್ರಾಂಶವೇ ಡ್ರೈವರ್. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆಗೆ ನಿಂತ ಕಾಲಿನ್ ಮೆಕೆಂಜಿಗೆ ಕಾವಲಿ ವೆಂಕಟ ಬೊರ್ರಯ್ಯನೆಂಬ ದುಭಾಷಿಯಿದ್ದ. ಊರೂರಿನ ಶಾಸನ, ಕೈಫಿಯತ್ತುಗಳು ದೊರೆಯ ಕಿವಿಗೆ ತಲುಪುತ್ತಿದ್ದುದು ಅಂಥವರ ಬಾಯಿಂದ. ಬೊರ್ರಯ್ಯ 1803ರಲ್ಲಿ ತೀರಿಕೊಂಡಾಗ ಅವನ ತಮ್ಮ ಲಕ್ಷ್ಮಯ್ಯ ಆ ಸ್ಥಾನಕ್ಕೆ ಬಂದ. ದುಭಾಷಿ ಇಲ್ಲದಿದ್ದರೆ ದೊರೆಯೂ ಊರೂ ಎದುರುಬದುರು ಕುಳಿತು ಮಿಕಿಮಿಕಿ ನೋಡಬೇಕಾಗುತ್ತಿತ್ತು. ಗಣಕದಲ್ಲಿಯೂ ಅಷ್ಟೇ.

ಈ ದುಭಾಷಿ ಎರಡೂ ಕಡೆಯ ಮಾತನ್ನು ಬಲ್ಲವನಾಗಿರಬೇಕಷ್ಟೆ. ಸಾಧನ ಅದೇ ಇದ್ದರೂ ಮೇಲಿನ ವ್ಯವಸ್ಥೆ ಬದಲಾದರೆ ಹಳೆಯ ದುಭಾಷಿ ಸಲ್ಲದು. ವಿಂಡೋಸ್ ಎಕ್ಸ್‌ಪಿಯ ಪರದೆಯ ಡ್ರೈವರ್ ಬರೆಯುತ್ತಿದ್ದ ಕ್ರಮವೇ ವಿಸ್ಟಾ ಬಂದಾಗ ಬದಲಾಯಿತು. 32 ಬಿಟ್, 64 ಬಿಟ್ ಎಂಬ ಭೇದವೂ ಹೀಗೆಯೇ. 32 ಬಿಟ್‌ಗೆಂದು ಬರೆದ ಸಾಧಾರಣ ತಂತ್ರಾಂಶಗಳು 64 ಬಿಟ್‌ನ ವಿಂಡೋಸ್‌ನಲ್ಲಿಯೂ ಹೇಗೋ ನಡೆಯುತ್ತವೆ. ಡ್ರೈವರ್‌ಗಳು ನಡೆಯುವುದಿಲ್ಲ, ಏಕೆಂದರೆ ಅವು ವ್ಯವಸ್ಥೆಯ ತಿರುಳಿನೊಳಗೇ ಸೇರಿ ಕೆಲಸ ಮಾಡತಕ್ಕವು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್‌ನ ರೂಪವೇ ಇಲ್ಲ. ನನ್ನ ಡಾಂಗಲ್ಲಿಗೆ ಹೊಸ ಯಂತ್ರದಲ್ಲಿ ಬಾಗಿಲು ಮುಚ್ಚಿದ್ದು ಈ ಕಾರಣದಿಂದ. ಹಳೆಯ ಡಿಸ್ಕನ್ನೇ ಕಿತ್ತು ಲ್ಯಾಪ್‌ಟಾಪಿಗೆ ಹಚ್ಚಬಾರದಿತ್ತೆ ಎಂದು ಕೆಲವರು ಕೇಳಿದರು. ಗಾತ್ರ ಹೊಂದುವುದಿಲ್ಲವೆಂಬುದು ಹಾಗಿರಲಿ, ಅದರಲ್ಲಿದ್ದ ವ್ಯವಸ್ಥೆ ಸುಟ್ಟುಹೋದ ಆ ಯಂತ್ರದ ಸಾಧನಗಳನ್ನು ಬಲ್ಲುದೇ ಹೊರತು ಇದರ ಸಾಧನಗಳನ್ನಲ್ಲ.

ಹೊಸ ವ್ಯವಸ್ಥೆಯನ್ನು ಹಳೆಯ ಯಂತ್ರಕ್ಕೆ ಹಾಕುವುದು ಅಷ್ಟು ಕಷ್ಟವಲ್ಲ. ಹಿಂದಿನ ಸಾಧನಗಳ ಪರಿಚಯ ಹೊಸ ವ್ಯವಸ್ಥೆಗೆ ಬಹುಮಟ್ಟಿಗೆ ಇರುತ್ತದೆ. ಹಳೆಯ ವ್ಯವಸ್ಥೆಯನ್ನು ಅದಕ್ಕಿಂತ ಈಚಿನ ಯಂತ್ರಕ್ಕೆ ಹಾಕುವಾಗಲೇ ಪೇಚು. 1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ‘ಆಕಾಶವಾಣಿ’ ಎಂಬ ಮಾತಿಗೆ ರೇಡಿಯೋ ಎಂಬ ಅರ್ಥವನ್ನು ಹುಡುಕಿದರೆ ಸಿಕ್ಕೀತೆ? ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಕಿಟೆಲ್ ಅವರ ತಪ್ಪು ಅದರಲ್ಲಿ ಏನೂ ಇಲ್ಲ. ವಿಂಡೋಸ್ 7 ಹೊರಬಂದದ್ದು 2009ರ ಅಕ್ಟೋಬರಿನಲ್ಲಿ. ಶಿವಮೊಗ್ಗೆಯ ಒಂದು ಅಂಗಡಿಯಲ್ಲಿ ನಾವು ಕೊಂಡ ಲ್ಯಾಪ್‌ಟಾಪು 2016ರದು. ಅದರಲ್ಲಿದ್ದುದು ಇಂಟೆಲ್‌ನ ಆರನೆಯ ತಲೆಮಾರಿನ ಪ್ರೊಸೆಸರ್. ನಡುವಣ ಏಳು ವರ್ಷಗಳ ಮಾತುಗಳು ಈ ನಿಘಂಟಿನಲ್ಲಿ ಇಲ್ಲ.

ಮೊದಲ ತಡೆ ಬಂದದ್ದು ಹೊಸ್ತಿಲಲ್ಲಿಯೇ. ವಿಂಡೋಸ್ 7ನ್ನು ಪೆನ್‌ಡ್ರೈವಿಗೆ ತುಂಬಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಚಾಲೂ ಮಾಡಿದೆವು. ಬಣ್ಣದ ಪರದೆ ಬಂತು, ಭಾಷೆ ಯಾವುದೆಂದು ಕೇಳಿತು. ಮುಂದುವರಿ ಎಂದೊಡನೆ, ಸಿಡಿ ಅಥವಾ ಡಿವಿಡಿ ಸಾಧನಕ್ಕೆ ಬೇಕಾದ ಡ್ರೈವರ್ ಇಲ್ಲವೆಂಬ ತಕರಾರು. ನಮ್ಮ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಕಿಂಡಿಯೇ ಇಲ್ಲ! ಇಲ್ಲದ ಸಾಧನಕ್ಕೆ ಡ್ರೈವರ್ ಕೇಳುತ್ತಿದೆಯಲ್ಲ ಎಂದು ಹುಡುಗ ಎರಡು ದಿನ ಸಿಡಿ ಡ್ರೈವರುಗಳನ್ನು ಹುಡುಕಿ ಬೇಸತ್ತ. ಆ ವಾಕ್ಯ ಹೇಳುವುದೊಂದು, ಅದರ ಅಭಿಪ್ರಾಯ ಇನ್ನೊಂದು. ವ್ಯಾಖ್ಯಾನಕಾರರು ಇದ್ದಿದ್ದರೆ ‘ಇಲ್ಲಿ ಸಿಡಿ ಎಂಬುದು ಉಪಲಕ್ಷಣ’ ಎನ್ನುತ್ತಿದ್ದರು. ನಿಜವಾದ ಸಂಗತಿ ಇದು. ಯಂತ್ರ ಚಾಲೂ ಆದಾಗ ಪೆನ್‌ಡ್ರೈವನ್ನು ಓದುವುದು ವಿಂಡೋಸ್ ಅಲ್ಲ, ಯಂತ್ರದೊಳಗೇ ಕೂತಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ. ಅದು ವಿಂಡೋಸ್‌ನ್ನು ಕೈಹಿಡಿದು ಒಳಗೆ ತಂದು ಬಿಟ್ಟು ಹಿಂದೆ ಸರಿಯುತ್ತದೆ. ಅಲ್ಲಿಂದ ಮುಂದೆ ವಿಂಡೋಸ್ ತನ್ನ ಸ್ವಂತ ದುಭಾಷಿಯ ಮೂಲಕವೇ ಪೆನ್‌ಡ್ರೈವಿನೊಡನೆ ಮಾತನಾಡಬೇಕು. ಯುಎಸ್‌ಬಿ 3 ಎಂಬ ಹೊಸ ಪದ್ಧತಿ 2008ರಲ್ಲಿ ನಿರ್ಣಯವಾದರೂ ಅದರ ಡ್ರೈವರ್ ವಿಂಡೋಸ್‌ನ ಜೊತೆಯಲ್ಲಿಯೇ ಬರಲಾರಂಭಿಸಿದ್ದು 2012ರ ವಿಂಡೋಸ್ 8ರಿಂದ. ಇಂಟೆಲ್‌ನ ಐದನೆಯ ತಲೆಮಾರಿನವರೆಗಿನ ಯಂತ್ರಗಳಲ್ಲಿ ಯುಎಸ್‌ಬಿ 2ರ ನಿಯಂತ್ರಕವನ್ನೂ ಪಕ್ಕದಲ್ಲಿ ಉಳಿಸಿಕೊಂಡಿದ್ದರು. ಆದ್ದರಿಂದ ವಿಂಡೋಸ್ 7 ಆ ಹಿತ್ತಿಲ ಬಾಗಿಲಿನಿಂದ ನಡೆದುಕೊಂಡು ಹೋಗುತ್ತಿತ್ತು. 2015ರ ಆರನೆಯ ತಲೆಮಾರಿನಲ್ಲಿ ಆ ಬಾಗಿಲನ್ನು ತೆಗೆದುಹಾಕಿದರು. ಹೀಗಾಗಿ ತಾನು ಏರಿ ಬಂದ ಪೆನ್‌ಡ್ರೈವೇ ವಿಂಡೋಸ್‌ಗೆ ಕಾಣದಾಯಿತು. ಲ್ಯಾಪ್‌ಟಾಪಿನ ಮೈಗೆ ಅಂಟಿದ ಕೀಲಿಮಣೆ ಹಳೆಯ ಪದ್ಧತಿಯ ಸಂಪರ್ಕದ್ದಾದ್ದರಿಂದ ಅದೊಂದು ಬದುಕಿತ್ತು. ಟಚ್‌ಪ್ಯಾಡ್ ಇಲ್ಲ, ಹೊರಗಿನಿಂದ ಸಿಕ್ಕಿಸಿದ ಮೌಸ್ ಇಲ್ಲ.

ಪರಿಹಾರವೇನೆಂದರೆ, ಪ್ರಯಾಣಕ್ಕೆ ಮುಂಚೆಯೇ ದುಭಾಷಿಯನ್ನು ಗಂಟಿನಲ್ಲಿ ಕಟ್ಟಿ ಕಳಿಸುವುದು. ಕೆಲಸ ಮಾಡುತ್ತಿರುವ ಇನ್ನೊಂದು ಗಣಕದಲ್ಲಿ ವಿಂಡೋಸ್ 7ರ ಕಡತಗಳನ್ನು ತೆರೆದು, ಯುಎಸ್‌ಬಿ 3ರ ಡ್ರೈವರನ್ನು ಅವುಗಳೊಳಗೆ ಸೇರಿಸಿ, ಮತ್ತೆ ಕಟ್ಟಬೇಕು. ಇದಕ್ಕೆ ಡಿಐಎಸ್‌ಎಂ ಎಂಬ ಉಪಕರಣವನ್ನು ಮೈಕ್ರೋಸಾಫ್ಟ್‌ನವರೇ ವಿಂಡೋಸ್‌ನಲ್ಲಿ ಇಟ್ಟಿದ್ದಾರೆ. ನಾವು ಹಾಗೆ ಮಾಡಿದೆವು. ಈ ಸಲ ತಕರಾರಿಲ್ಲದೆ ಸ್ಥಾಪನೆ ನಡೆಯಿತು. ಹುಡುಗ ಗೆದ್ದೆನೆಂದು ಕಾಫಿ ಕುಡಿದ. ಯಂತ್ರ ತಾನಾಗಿ ಒಮ್ಮೆ ಆರಿ ಹೊತ್ತಿಕೊಂಡ ಮೇಲೆ ನೋಡಿದರೆ, ಪೆನ್‌ಡ್ರೈವ್ ಮತ್ತೆ ಕಾಣುತ್ತಿಲ್ಲ!

ತಪ್ಪು ನಮ್ಮದೇ. ಸ್ಥಾಪನೆಯ ಗಂಟಿನಲ್ಲಿ ಎರಡು ಕಡತಗಳಿರುತ್ತವೆ. ಬೂಟ್.ವಿಮ್ ಎಂಬುದು ಸ್ಥಾಪನೆ ನಡೆಸುವ ಮೇಸ್ತ್ರಿ, ಇನ್‌ಸ್ಟಾಲ್.ವಿಮ್ ಎಂಬುದು ಕೊನೆಗೆ ಡಿಸ್ಕಿನಲ್ಲಿ ನೆಲೆಸುವ ಒಕ್ಕಲು. ನಾವು ಮೇಸ್ತ್ರಿಗೆ ದುಭಾಷಿಯನ್ನು ಕೊಟ್ಟು ಒಕ್ಕಲಿಗೆ ಕೊಡುವುದನ್ನು ಮರೆತಿದ್ದೆವು. ಮನೆ ಕಟ್ಟಿ ಮುಗಿಸಿ ಮೇಸ್ತ್ರಿ ಹೊರಟುಹೋದ ಮೇಲೆ, ಒಳಗೆ ಕುಳಿತವನಿಗೆ ಹೊರಗಿನ ಮಾತು ತಿಳಿಯದು. ಪೆನ್‌ಡ್ರೈವ್ ಇಲ್ಲ, ಜಾಲ ಸಂಪರ್ಕವಿಲ್ಲ. ಡ್ರೈವರನ್ನು ಒಳಕ್ಕೆ ಒಯ್ಯುವ ದಾರಿಯೇ ಇಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಬಹುದಿತ್ತು. ಆದರೆ ಹುಡುಗನಿಗೊಂದು ಯುಕ್ತಿ ಹೊಳೆಯಿತು. ಮತ್ತೆ ಪೆನ್‌ಡ್ರೈವಿನಿಂದ ಮೇಸ್ತ್ರಿಯನ್ನೇ ಕರೆದ. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಆಜ್ಞೆಗಳನ್ನು ಬೆರಳಚ್ಚಿಸಬಹುದು. ಮೇಸ್ತ್ರಿಗೆ ಪೆನ್‌ಡ್ರೈವೂ ಕಾಣುತ್ತದೆ, ಡಿಸ್ಕೂ ಕಾಣುತ್ತದೆ. ಅದರಿಂದ ಇದಕ್ಕೆ ಡ್ರೈವರಿನ ಕಡತಗಳನ್ನು ನಕಲು ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ, ಮೌಸಿಲ್ಲದೆ ಬರಿಯ ಟ್ಯಾಬ್ ಮತ್ತು ಬಾಣದ ಕೀಲಿಗಳಿಂದ ತಡಕಾಡುತ್ತ ಹೋಗಿ ಆ ಡ್ರೈವರನ್ನು ಸ್ಥಾಪಿಸಿದ. ಪೆನ್‌ಡ್ರೈವಿನ ದೀಪ ಮಿನುಗಿತು. ಅಂದು ರಾತ್ರಿ ನನ್ನ ತಂಗಿ ಅವನಿಗೆ ಹೋಳಿಗೆ ಮಾಡಿ ಬಡಿಸಿದಳು.

ಈ ಬಗೆಯ ತಡೆ ಯುಎಸ್‌ಬಿಗೆ ಮಾತ್ರ ಸೀಮಿತವಲ್ಲ. ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕ್ ಇರುವ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ 7ಕ್ಕೆ ಡಿಸ್ಕೇ ಕಾಣದು. ಅದಕ್ಕೂ ಮುಂಚಿತವಾಗಿ ಬೇರೆ ತೇಪೆ ಹಾಕಬೇಕು. ಎಕ್ಸ್‌ಪಿ ಕಾಲದಲ್ಲಿ ಸಾಟಾ ಡಿಸ್ಕುಗಳಿಗೆ ಇದೇ ಗತಿಯಾಗಿತ್ತು. ಆಗ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು. ಲ್ಯಾಪ್‌ಟಾಪಿಗೆ ಫ್ಲಾಪಿ ಎಲ್ಲಿಂದ ಬರಬೇಕು?

ಇನ್ನು ಒಳಮನೆಯ ಕಥೆ. ವಿಂಡೋಸ್ 7 ತೆರೆದುಕೊಂಡಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಬಾಲಬೋಧೆಯಂತೆ ದಪ್ಪನಾಗಿ ಕಂಡವು. ಧ್ವನಿಯಿಲ್ಲ, ವೈಫೈ ಇಲ್ಲ. ಡಿವೈಸ್ ಮ್ಯಾನೇಜರ್ ಎಂಬ ಕಿಟಕಿಯನ್ನು ತೆರೆದರೆ, ಹೆಸರಿಲ್ಲದ ಸಾಧನಗಳ ಪಕ್ಕದಲ್ಲಿ ಹಳದಿಯ ಆಶ್ಚರ್ಯಸೂಚಕ ಚಿಹ್ನೆಗಳ ಸಾಲು. ಅದೊಂದು ನಿರಕ್ಷರ ಹಾಜರಿ ಪುಸ್ತಕ: ಮಕ್ಕಳು ಬಂದು ಕುಳಿತಿದ್ದಾರೆ, ಯಾರು ಯಾರೆಂಬುದು ಮೇಷ್ಟರಿಗೆ ಗೊತ್ತಿಲ್ಲ.

ಇಲ್ಲಿ ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನು. ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿದ್ದ ಮಾಡೆಲ್ ಹೆಸರನ್ನು ಹಿಡಿದು ತಯಾರಕರ ತಾಣದಲ್ಲಿ ಹುಡುಕಿದೆವು. ವೈಫೈಗೆ ಇಂಟೆಲ್‌ನ ಡ್ರೈವರ್ ಸಿಕ್ಕಿತು, ಹಾಕಿದೆವು, ಸಾಧನ ಒಪ್ಪಲಿಲ್ಲ. ಮೂರು ಸಲ ಹಾಕಿದರೂ ಒಪ್ಪಲಿಲ್ಲ. ಒಂದೇ ಮಾಡೆಲ್ ಹೆಸರಿನಡಿಯಲ್ಲಿ ಬೇರೆ ಬೇರೆ ಕಂಪನಿಗಳ ವೈಫೈ ಕಾರ್ಡುಗಳನ್ನು ಕೂರಿಸಿ ಮಾರುವುದುಂಟೆಂದು ಆಗ ತಿಳಿಯಿತು. ಹಸ್ತಪ್ರತಿಯ ಮೇಲೆ ಯಾರೋ ಈಚೆಗೆ ಅಂಟಿಸಿದ ಚೀಟಿಯನ್ನು ನಂಬಿ ಗ್ರಂಥದ ಕರ್ತೃವನ್ನು ನಿರ್ಣಯಿಸಬಾರದೆಂದು ನಾನೇ ಎಷ್ಟು ಜನ ವಿದ್ಯಾರ್ಥಿಗಳಿಗೆ ಹೇಳಿದ್ದೆ! ಗ್ರಂಥದೊಳಗಿನ ಪುಷ್ಪಿಕೆಯನ್ನು ನೋಡಬೇಕು.

ಸಾಧನಗಳಿಗೂ ಪುಷ್ಪಿಕೆಯುಂಟು. ಹೆಸರಿಲ್ಲದ ಸಾಧನದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿದರೆ ಆ ಚಿಪ್ ತನ್ನ ಪ್ರವರವನ್ನು ಒಪ್ಪಿಸುತ್ತದೆ. ನಮ್ಮಲ್ಲಿ ಗೋತ್ರ, ಸೂತ್ರ, ಹೆಸರು ಎಂದು ಹೇಳಿಕೊಳ್ಳುತ್ತಾರಲ್ಲ, ಆ ಕ್ರಮದಲ್ಲಿಯೇ. ಮೊದಲು ‘ವೆನ್’ ಎಂಬುದರ ಮುಂದೆ ನಾಲ್ಕು ಅಂಕೆ-ಅಕ್ಷರಗಳು, ಇದು ತಯಾರಿಸಿದ ಕಂಪನಿಯ ಗುರುತು. ಆಮೇಲೆ ‘ಡೆವ್’ ಎಂಬುದರ ಮುಂದೆ ನಾಲ್ಕು, ಇದು ಚಿಪ್ಪಿನದೇ ಗುರುತು. ಆಮೇಲೆ ಅದನ್ನು ಕೂರಿಸಿಕೊಂಡ ಲ್ಯಾಪ್‌ಟಾಪ್ ಕಂಪನಿಯ ಮೊಹರು, ಕೊನೆಯಲ್ಲಿ ಪರಿಷ್ಕರಣದ ಸಂಖ್ಯೆ. 10ಇಸಿ ಎಂದರೆ ರಿಯಲ್‌ಟೆಕ್, 168ಸಿ ಎಂದರೆ ಕ್ವಾಲ್‌ಕಾಮ್ ಅಥೆರೋಸ್, 10ಡಿಇ ಎಂದರೆ ಎನ್‌ವಿಡಿಯಾ. ಇಂಟೆಲ್‌ನವರದು 8086. ಅದು 1978ರಲ್ಲಿ ಅವರು ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರು. ಮೂಲಪುರುಷನ ಹೆಸರನ್ನೇ ಗೋತ್ರವಾಗಿ ಇಟ್ಟುಕೊಂಡ ಈ ಚಮತ್ಕಾರವನ್ನು ಕಂಡು ನನಗೆ ಒಂದು ಕ್ಷಣ ಆಯಾಸ ಮರೆಯಿತು. ನಮ್ಮ ವೈಫೈ ಕಾರ್ಡನ್ನು ಕೇಳಿದರೆ, ಅದು 168ಸಿ ಗೋತ್ರದ್ದು. ಇಂಟೆಲ್‌ನ ದುಭಾಷಿಗೆ ಅದು ಬಾಯಿ ಬಿಡದಿದ್ದುದರಲ್ಲಿ ಏನಾಶ್ಚರ್ಯ!

ಡ್ರೈವರಿನ ಗಂಟಿನಲ್ಲಿಯೂ ಇದಕ್ಕೆ ಸರಿಹೊಂದುವ ಒಂದು ಪಟ್ಟಿ ಇರುತ್ತದೆ. ಗಂಟನ್ನು ಬಿಚ್ಚಿದರೆ ಸಾಮಾನ್ಯವಾಗಿ ಮೂರು ಬಗೆಯ ಕಡತಗಳು: ಕೆಲಸ ಮಾಡುವ ಸಿಸ್ ಕಡತ, ಮುದ್ರೆಯಿರುವ ಕ್ಯಾಟ್ ಕಡತ, ಮತ್ತು ಐಎನ್‌ಎಫ್ ಎಂಬುದು. ಈ ಕೊನೆಯದು ಬರಿಯ ಬರವಣಿಗೆ. ನೋಟ್‌ಪ್ಯಾಡಿನಲ್ಲಿ ತೆರೆದು ಯಾರೂ ಓದಬಹುದು. ತಾನು ಯಾವ ಯಾವ ಪ್ರವರದ ಸಾಧನಗಳಿಗೆ ದುಭಾಷಿ, ಯಾವ ವಿಂಡೋಸ್‌ಗೆ ಸಲ್ಲುವವನು ಎಂಬುದನ್ನು ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಅಲ್ಲಿ ವಿಂಡೋಸ್ 7ನ್ನು 6.1 ಎಂದು ಕರೆದಿರುತ್ತಾರೆ, ವಿಸ್ಟಾ 6.0, ಎಕ್ಸ್‌ಪಿ 5.1. ಏಳು ಎಂಬುದು ಪೇಟೆಗೆ ಇಟ್ಟ ಕಾವ್ಯನಾಮ, ಮನೆಯ ಹೆಸರು ಬೇರೆ. ನಮ್ಮ ಸಾಧನದ ನಾಲ್ಕು ಮತ್ತು ನಾಲ್ಕು ಅಕ್ಷರಗಳು ಆ ಪಟ್ಟಿಯಲ್ಲಿದ್ದು, ಪಕ್ಕದಲ್ಲಿ 32 ಬಿಟ್‌ನ ಗುರುತಾದ ಎಕ್ಸ್86ರೊಡನೆ 6.1 ಇದ್ದರೆ, ಗಂಟಿನ ಮೇಲೆ ಯಾವ ಹೆಸರಿದ್ದರೂ ಚಿಂತೆಯಿಲ್ಲ, ಅದು ನಮಗೆ ಬೇಕಾದ ಡ್ರೈವರ್. ಇಲ್ಲದಿದ್ದರೆ, ಹೆಸರು ಎಷ್ಟೇ ಹೊಂದಿದರೂ ವ್ಯರ್ಥ. ಇದೊಂದನ್ನು ತಿಳಿದ ಮೇಲೆ ನಮ್ಮ ಹುಡುಕಾಟ ಕುರುಡಾಟವಾಗಿ ಉಳಿಯಲಿಲ್ಲ.

ಹುಡುಕಬೇಕಾದ ಜಾಗಗಳೂ ಕೆಲವೇ. ಲ್ಯಾಪ್‌ಟಾಪ್ ತಯಾರಕರ ತಾಣ ಮೊದಲನೆಯದು. ನಮ್ಮ ಮಾಡೆಲಿಗೆ ಅಲ್ಲಿ ವಿಂಡೋಸ್ 7ರ ಹೆಸರೇ ಇರದಿದ್ದರೂ, ಅದೇ ವರ್ಷ ಕಚೇರಿಗಳಿಗೆಂದು ಮಾರಿದ ಸೋದರ ಮಾಡೆಲಿಗೆ ಇದ್ದೀತು. 2016ರ ಸುಮಾರಿನಲ್ಲಿಯೂ ಅನೇಕ ಕಚೇರಿಗಳು ವಿಂಡೋಸ್ 7ನ್ನೇ ಬೇಡುತ್ತಿದ್ದವು. ಚಿಪ್ ತಯಾರಕರ ತಾಣ ಎರಡನೆಯದು. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್ ಎಂಬ ಪಟ್ಟಿಯಲ್ಲಿ ಪ್ರವರವನ್ನೇ ಬರೆದು ಹುಡುಕಬಹುದು. ತಯಾರಕರು ತೆಗೆದುಹಾಕಿದ ಕೆಲವು ಹಳೆಯ ಡ್ರೈವರ್ ಸಿಡಿಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಎಲ್ಲ ಡ್ರೈವರುಗಳನ್ನೂ ಒಂದೇ ಗುಂಡಿಯಲ್ಲಿ ಹಾಕಿಕೊಡುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳ ಗೊಡವೆ ಮಾತ್ರ ಬೇಡ. ಅವುಗಳ ಹಿಂದೆ ಕರೆಯದ ನೆಂಟರು ಬಹಳ ಮಂದಿ ಮನೆಯೊಳಗೆ ಬಂದುಬಿಡುತ್ತಾರೆ.

ಮುದ್ರೆಯ ಮಾತೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ವಿಸ್ಟಾ ಕಾಲದಿಂದ 64 ಬಿಟ್‌ನ ವಿಂಡೋಸ್ ಅಂಕೀಯ ಸಹಿಯಿಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಸಹಿ ಮಾಡುವ ವಿಧಾನವೂ ನಡುವೆ ಬದಲಾಯಿತು. ಹೊಸ ವಿಧಾನದ ಸಹಿಯನ್ನು ಗುರುತಿಸಲು ವಿಂಡೋಸ್ 7ಕ್ಕೆ ಆಮೇಲೆ ಕೊಟ್ಟ ಒಂದು ಪರಿಷ್ಕರಣೆ ಬೇಕು. ಅದಿಲ್ಲದಿದ್ದರೆ ಸರಿಯಾದ ಡ್ರೈವರನ್ನೂ ಅದು ಖೋಟಾ ಎಂದು ತಳ್ಳಿಬಿಡಬಹುದು. ನಮ್ಮದು 32 ಬಿಟ್ ಆದ್ದರಿಂದ ಕೆಂಪು ಎಚ್ಚರಿಕೆ ತೋರಿಸಿ ಸುಮ್ಮನಾಯಿತು.

ಹೀಗೆ ಚಿಪ್‌ಸೆಟ್, ಪರದೆ, ಧ್ವನಿ, ಟಚ್‌ಪ್ಯಾಡ್ ಎಂದು ಒಂದೊಂದೇ ಹಳದಿ ಚಿಹ್ನೆ ಅಳಿಯುತ್ತ ಬಂದು, ಹದಿನಾಲ್ಕನೆಯ ದಿನಕ್ಕೆ ಉಳಿದದ್ದು ಒಂದೇ: ನಮ್ಮ ಡಾಂಗಲ್. ಇಷ್ಟೆಲ್ಲ ಮಾಡಿದ್ದು ಅದಕ್ಕಾಗಿಯೇ. ಅದನ್ನು ತಯಾರಿಸಿದವರ ತಾಣವಿಲ್ಲ, ಕ್ಯಾಟಲಾಗಿನಲ್ಲಿ ಅದರ ಸುಳಿವಿಲ್ಲ, ಅದರೊಡನೆ ಬಂದ ಸಿಡಿಯನ್ನು ಎಲ್ಲಿಟ್ಟೆವೆಂಬ ನೆನಪು ನನಗಿಲ್ಲ. ಹೇಳಬಹುದಾಗಿದ್ದ ಗೆಳೆಯರೂ ಇಲ್ಲ. ಮೂರು ದಿನ ಅವರ ಮನೆಯ ಅಟ್ಟವನ್ನೂ ನನ್ನ ಮನೆಯ ಅಟ್ಟವನ್ನೂ ಕೆದಕಿದೆವು. ಸಿಕ್ಕಿದ್ದು ಎರಡು ವಿವಾಹ ಸಮಾರಂಭದ ಸಿಡಿಗಳು, ಒಂದು ಯಕ್ಷಗಾನದ್ದು.

ಕೊನೆಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಸುಟ್ಟುಹೋದ ಗಣಕದಲ್ಲಿ ಇದೇ ಡಾಂಗಲ್, ಇದೇ 32 ಬಿಟ್‌ನ ವಿಂಡೋಸ್ 7ರ ಅಡಿಯಲ್ಲಿ, ವರ್ಷಗಟ್ಟಲೆ ಕೆಲಸ ಮಾಡಿತ್ತಲ್ಲವೇ? ವಿಂಡೋಸ್ ತಾನು ಒಮ್ಮೆ ಒಪ್ಪಿಕೊಂಡ ಪ್ರತಿಯೊಂದು ಡ್ರೈವರಿನ ಗಂಟನ್ನೂ ಸಿಸ್ಟಂ32ರೊಳಗೆ ಡ್ರೈವರ್‌ಸ್ಟೋರ್ ಎಂಬ ಕಣಜದಲ್ಲಿ, ಫೈಲ್ ರೆಪಾಸಿಟರಿ ಎಂಬ ಫೋಲ್ಡರಿನಲ್ಲಿ, ಒಂದು ಪ್ರತಿ ತೆಗೆದಿಟ್ಟುಕೊಂಡಿರುತ್ತದೆ. ಹಳೆಯ ಡಿಸ್ಕನ್ನು ಒಂದು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಆ ಕಣಜದ ಐಎನ್‌ಎಫ್ ಕಡತಗಳಲ್ಲೆಲ್ಲ ಡಾಂಗಲ್ಲಿನ ಪ್ರವರಕ್ಕಾಗಿ ಹುಡುಗ ಹುಡುಕಿಸಿದ. ಯುಎಸ್‌ಬಿ ಸಾಧನಗಳಲ್ಲಿ ವೆನ್, ಡೆವ್ ಎಂಬುದಕ್ಕೆ ಬದಲಾಗಿ ವಿಐಡಿ, ಪಿಐಡಿ ಎಂದಿರುತ್ತದೆ. ನೂರಾರು ಫೋಲ್ಡರುಗಳ ನಡುವೆ ಒಂದರಲ್ಲಿ ಆ ಎಂಟು ಅಕ್ಷರಗಳು ಸಿಕ್ಕವು. “ಮಾವ, ಇಲ್ಲೇ ಇದೆ” ಎಂದ. ಅಟ್ಟ ಕೆದಕುವ ಮುಂಚೆ ಇದು ಹೊಳೆಯಬಾರದಿತ್ತೆ!

ಆ ಫೋಲ್ಡರನ್ನು ನಕಲು ಮಾಡಿ, ಡಿವೈಸ್ ಮ್ಯಾನೇಜರಿನಲ್ಲಿ ಅದನ್ನೇ ತೋರಿಸಿದೆವು. ಡಾಂಗಲ್ಲಿನ ಹಸಿರು ದೀಪ ಹೊತ್ತಿತು. ಪದಕೋಶ ತೆರೆಯಿತು. ಎಲ್ಲಕ್ಕಿಂತ ಮೊದಲು ಯಾವುದನ್ನು ನೋಡಬೇಕೆಂದು ತಿಳಿಯದೆ ‘ಗೊರಬು’ ಎಂದು ಬೆರಳಚ್ಚಿಸಿದೆ. ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ, ಬಿದಿರು ಮತ್ತು ಎಲೆಗಳಿಂದ ಹೆಣೆದ ಸಾಧನ ಎಂಬ ಅರ್ಥದ ಕೆಳಗೆ ಗೆಳೆಯರ ಟಿಪ್ಪಣಿಯೊಂದಿತ್ತು: ಹೇಳಿದ ಅಜ್ಜಿ ಅದನ್ನು ಹೊದ್ದು ತೋರಿಸಿದರು, ನಾವಿಬ್ಬರೂ ನೆನೆದೆವು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಇಂಥ ಅಗತ್ಯ ಬಿದ್ದವರಲ್ಲಿ ಹೆಚ್ಚಿನವರು ನಮ್ಮಷ್ಟು ಕಷ್ಟಪಡಬೇಕಾಗಿಲ್ಲ. ವರ್ಚುವಲ್ ಮೆಷಿನ್ ಎಂಬುದೊಂದುಂಟು. ಹೊಸ ಲ್ಯಾಪ್‌ಟಾಪಿನೊಳಗೆ ತಂತ್ರಾಂಶದಿಂದಲೇ ಒಂದು ಹಳೆಯ ಗಣಕದ ವೇಷ ಕಟ್ಟುವುದು. ಆ ವೇಷದ ಯಂತ್ರ ತನ್ನ ಡಿಸ್ಕು, ಜಾಲದ ಕಾರ್ಡುಗಳನ್ನು ಹಳೆಯ ವ್ಯವಸ್ಥೆಗೆ ಪರಿಚಿತವಾದ ಮಾದರಿಯವೆಂದೇ ತೋರಿಸುವುದರಿಂದ ಡ್ರೈವರಿನ ತೊಡಕು ಬಹುಪಾಲು ಹುಟ್ಟುವುದೇ ಇಲ್ಲ. ನಮ್ಮ ಡಾಂಗಲ್ಲಿಗೆ ಅಲ್ಲಿಯೂ ಡ್ರೈವರ್ ಬೇಕೇ ಬೇಕಿತ್ತೆಂಬುದು ನಿಜ. ಆದರೂ ಆ ದಾರಿಯಲ್ಲಿ ಹೊರಟಿದ್ದರೆ ಹುಡುಕಬೇಕಾದ ದುಭಾಷಿ ಒಬ್ಬನೇ ಆಗುತ್ತಿದ್ದ. ಇದನ್ನು ಹುಡುಗ ಹದಿನೆಂಟನೆಯ ದಿನ ನನಗೆ ಹೇಳಿದ. ನಾನು ಅವನ ಮೇಲೆ ಸಿಟ್ಟಾಗಲಿಲ್ಲ.

ವಿಂಡೋಸ್ 7ಕ್ಕೆ ಭದ್ರತೆಯ ಪರಿಷ್ಕರಣೆಗಳನ್ನು ಕೊಡುವುದನ್ನು ಮೈಕ್ರೋಸಾಫ್ಟ್‌ನವರು ಸಾಮಾನ್ಯ ಬಳಕೆದಾರರಿಗೆ 2020ರ ಜನವರಿ 14ರಂದು ನಿಲ್ಲಿಸಿದರು. ಆದ್ದರಿಂದ ಆ ಲ್ಯಾಪ್‌ಟಾಪಿನ ವೈಫೈಯನ್ನು, ಅಷ್ಟು ಕಷ್ಟಪಟ್ಟು ಬಾಯಿ ಬಿಡಿಸಿದ್ದನ್ನು, ಕೆಲಸ ಮುಗಿದೊಡನೆ ನಾವೇ ಆರಿಸಿಬಿಟ್ಟೆವು. ಸಂಗ್ರಹಿಸಿದ ಡ್ರೈವರುಗಳನ್ನೆಲ್ಲ, ಪ್ರತಿ ಸಾಧನದ ಪ್ರವರವನ್ನು ಕೈಯಲ್ಲಿ ಬರೆದ ಒಂದು ಹಾಳೆಯೊಡನೆ, ಎರಡು ಪೆನ್‌ಡ್ರೈವುಗಳಲ್ಲಿ ತುಂಬಿ ಇಟ್ಟಿದ್ದೇವೆ. ಒಂದು ನನ್ನ ಮನೆಯಲ್ಲಿದೆ, ಇನ್ನೊಂದು ಗೆಳೆಯರ ಮನೆಯಲ್ಲಿ.

ಪದಕೋಶವನ್ನು ಆ ತಂತ್ರಾಂಶದಿಂದ ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಈಗ ನಡೆದಿದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗುತ್ತವೆ, ಅರ್ಕಾವೊತ್ತು ಕಾಣೆಯಾಗುತ್ತದೆ. ಅದನ್ನು ಕಣ್ಣಿನಿಂದಲೇ ತಿದ್ದಬೇಕು. ಗೆಳೆಯರ ಮನೆಯಾಕೆ ವಾರಕ್ಕೆರಡು ದಿನ ಮಧ್ಯಾಹ್ನ ಬಂದು ಓದಿ ಹೇಳುತ್ತಾರೆ, ನಾನು ತಿದ್ದುತ್ತೇನೆ. ‘ತ’ಕಾರದವರೆಗೆ ಬಂದಿದ್ದೇವೆ.